ಮೇನ್ ಸ್ವಿಚ್ಚಿನ ಮೇಲೊಂದು ಕೈ

"ಕೈ ತಗೀರಿ! ಮೊದಲ ಆ ಸಿ.ಡಿ. ಹೊರಗ ತಗೀರಿ!"

ಕೂಗಿದ ಕಾವೇರಿ ಉತ್ತರಕ್ಕೆ ಕಾಯಲಿಲ್ಲ. ಗೋಡೆಯತ್ತ ಧಾವಿಸಿ ಮೇನ್ ಸ್ವಿಚ್ ಎಳೆದೇಬಿಟ್ಟಳು.

ಟಪ್!

ಆರು ಕಂಪ್ಯೂಟರುಗಳು ಒಟ್ಟಿಗೇ ಕಣ್ಣು ಮುಚ್ಚಿದವು. ಮುದಿ ಯುಪಿಎಸ್ 'ಟೀಂ...' ಎಂದು ಒಮ್ಮೆ ಅತ್ತು ಪ್ರಾಣ ಬಿಟ್ಟಿತು.

"ಅಯ್ಯ! ನನ್ನ ಅರ್ಜಿ ಮುಗೀಲಿಕ್ಕ ಬಂದಿತ್ತಲ್ರೀ!" ಮೂಲೆಯಿಂದ ಗಿರಾಕಿಯೊಬ್ಬ ಬೊಬ್ಬೆ ಹಾಕಿದ.

ಆ ಅರೆಗತ್ತಲಲ್ಲಿ ಕಾವೇರಿ ಎದುರಿಗಿದ್ದವನನ್ನು ದಿಟ್ಟಿಸಿದಳು. ಹೆಗಲಿಗೆ ಚೀಲ, ಎರಡು ದಿನದ ಗಡ್ಡ, ತುಟಿಯ ಮೇಲೆ... ನಗು!

'ನಗ್ತಾನ! ಸಿಕ್ಕಿಬಿದ್ದ ಮ್ಯಾಲೂ ನಗ್ತಾನ!'

ಅವಳ ಹೆಸರೇ ಕಾವೇರಿ. ಕಾವು ಏರಿತೆಂದರೆ ಆ ನದಿಯಲ್ಲಿ ತಂಪು ಹುಡುಕಬಾರದು. ಅದೂ ಅಲ್ಲದೆ ಅವಳ ಭಯಕ್ಕೆ ಕಾರಣವಿತ್ತು. ೨೦೦೫ರ ಆ ದೀಪಾವಳಿಯ ನಂತರ ದೇಶಪಾಂಡೆ ನಗರದ ಇಂಟರ್ನೆಟ್ ಅಂಗಡಿಗಳಲ್ಲೆಲ್ಲ ಒಂದೇ ಗುಸುಗುಸು: ಕದ್ದ ಸಾಫ್ಟ್‌ವೇರ್ ಹಿಡಿಯುವವರು ಗಿರಾಕಿಗಳ ವೇಷದಲ್ಲಿ ಬರುತ್ತಾರಂತೆ, ಸಿ.ಡಿ. ಹಾಕಿ ನೋಡುತ್ತಾರಂತೆ, ಆಮೇಲೆ ಅಂಗಡಿಗೆ ಬೀಗವಂತೆ! ಕಾವೇರಿಯ ಆರೂ ಕಂಪ್ಯೂಟರುಗಳಲ್ಲಿದ್ದದ್ದು ಕದ್ದ ಮಾಲೇ.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಇಲ್ರಿ. ನನ್ನ ಹೆಸರು ಮೈಲಾರಿ. ಕಾಲೇಜಿನ ಲ್ಯಾಬಿನ್ಯಾಗ ಕೆಲಸ. ಈ ಸಿ.ಡಿ. ಲಿನಕ್ಸ್ ಅಂತ. ಇದನ್ನ ಹಾಕಿದ್ರ ಕದ್ದದ್ದು ಬೇಕಾಗೂದ ಇಲ್ಲ. ಜಗತ್ತಿನ ಮಂದಿ ಕೂಡಿ ಕಟ್ಟಿದ್ದು. ಪುಕ್ಕಟ ಕೊಡ್ತಾರ."

"ಪುಕ್ಕಟ ಯಾಕ ಕೊಡ್ತಾರ?" ಕಾವೇರಿಯ ಕಣ್ಣು ಇನ್ನಷ್ಟು ಕಿರಿದಾದವು.

"ಅದನ್ನ ಕೇಳಿದವರಾಗ ಮೇನ್ ಸ್ವಿಚ್ ಎಳದವರು ನೀವ ಮೊದಲು ನೋಡ್ರಿ!"

ಕೌಂಟರಿನ ಹಿಂದಿದ್ದ ಅಬೀದಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಅಂಗಡಿಯ ಸಹಾಯಕಿ, ಕಾವೇರಿಯ ಗೆಳತಿ, ಊರಿನವರೆಲ್ಲರ ದನಿಯನ್ನು ಗಂಟಲಲ್ಲಿ ಬಚ್ಚಿಟ್ಟುಕೊಂಡವಳು.

*

ಅನುಮಾನದಿಂದಲೇ ಕಾವೇರಿ ಒಂದು ಕಂಪ್ಯೂಟರ್ ಕೊಟ್ಟಳು. ಅದು ನಡೆಯಿತು. ಆಮೇಲೆ ಇನ್ನೊಂದು... ಸಂಕ್ರಾಂತಿಯ ಹೊತ್ತಿಗೆ ಐದು ಕಂಪ್ಯೂಟರುಗಳು ಮೈಲಾರಿಯ ಕೈಗೆ ಬಂದಿದ್ದವು. ಅವಳ ಮನಸ್ಸೂ ಮುಕ್ಕಾಲು ಬಂದಿತ್ತು.

ಉಳಿದದ್ದು ಕೌಂಟರಿನ ಕಂಪ್ಯೂಟರ್. ಅದಕ್ಕೆ ಅಂಟಿಕೊಂಡ ಪ್ರಿಂಟರ್ ಲಿನಕ್ಸ್ ಮಾತು ಕೇಳುತ್ತಿರಲಿಲ್ಲ. ಎಷ್ಟು ಆಜ್ಞೆ ಕೊಟ್ಟರೂ 'ಗುರ್ರ್...' ಎಂದು ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು.

"ಏಪ್ರಿಲ್‌ದಾಗ ಹೊಸ ಆವೃತ್ತಿ ಬರ್ತೈತ್ರಿ. ಅದರಾಗ ಇದು ನಡೀತೈತಿ," ಎಂದ ಮೈಲಾರಿ.

ಅವನು ಇದೇ ಮಾತನ್ನು ಕಾವೇರಿಯ ತಂದೆ ಸಿದ್ದಪ್ಪನವರ ಮುಂದೂ ಹೇಳಿದ. ಜೊತೆಗೆ ಇನ್ನೊಂದು ಮಾತನ್ನೂ ಕೇಳಿಬಿಟ್ಟ!

ಸಿದ್ದಪ್ಪ ಅರಳೆ ವ್ಯಾಪಾರಿ. ಅರಳೆಯವನಿಗೆ ಕಿಡಿಯೆಂದರೆ ಯಮ. ಗೋದಾಮಿರಲಿ, ಮಗಳ ಅಂಗಡಿಯಿರಲಿ, ಬಾಗಿಲು ಹಾಕುವ ಮುಂಚೆ ತಾವೇ ಮೇನ್ ಸ್ವಿಚ್ ಎಳೆಯದೆ ಅವರು ಹೊಸ್ತಿಲು ದಾಟಿದವರಲ್ಲ. ಮಗಳಿಗೂ ಅದೇ ಚಾಳಿ.

"ತಮ್ಮಾ," ಎಂದರು ಅವರು, "ಪುಕ್ಕಟ ಕೊಡಾಂವ ಏನರ ತಗೊಳ್ಳಾಕ ಬಂದಿರ್ತಾನ ಅಂತ ಮೊದಲ ದಿನಾನ ಅಂದುಕೊಂಡಿದ್ದೆ. ನನ್ನ ಮಗಳನ್ನ ಕೇಳತೀ ಅನ್ನೂದು ಮಾತ್ರ ಹೊಳದಿರಲಿಲ್ಲ. ಇರಲಿ. ಏಪ್ರಿಲ್ ಅಂದೀದಿ. ಈ ಪ್ರಿಂಟರಿನ್ಯಾಗಿಂದ ಒಂದು ಹಾಳಿ ಬರಲಿ, ಆಮ್ಯಾಲೆ ನಿಮ್ಮವ್ವನ್ನ ಕರಕೊಂಡು ಮನಿಗೆ ಬಾ. ಆಡಿದ ಮಾತು ನಡಸ್ತೀಯೋ ಇಲ್ಲೋ, ನನಗ ಗೊತ್ತಾಗಬೇಕು."

ಕಾವೇರಿ ಆ ದಿನದಿಂದ ಕ್ಯಾಲೆಂಡರಿನ ಹಾಳೆ ಎತ್ತಿ ಎತ್ತಿ ಏಪ್ರಿಲ್ ನೋಡತೊಡಗಿದಳು.

*

ಮಾರ್ಚ್‌ನ ಒಂದು ಮಧ್ಯಾಹ್ನ ಮೈಲಾರಿ ಬಂದು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಕಾವೇರಿಯವರ... ಅದು ಮುಂದಕ್ಕ ಹೋಗೇತ್ರಿ."

"ಯಾವುದು?"

"ಹೊಸ ಆವೃತ್ತಿ. ಜೂನ್‌ಗೆ ಬರ್ತೈತಂತ. ಇನ್ನೂ ಸ್ವಲ್ಪ ತಿಕ್ಕಿ ತೊಳೀಬೇಕಂತ."

ಮುಂದಕ್ಕ! ಆ ಮಾತು ಕಾವೇರಿಯ ಎದೆಗೆ ಬಾಣದಂತೆ ಬಂದು ನಾಟಿತು. ಎರಡು ವರ್ಷದ ಹಿಂದೆ ಗದಗಿನ ಸಂಬಂಧವೊಂದು ಹೀಗೇ ಮುಂದಕ್ಕೆ ಹೋಗಿತ್ತು. ಶ್ರಾವಣಕ್ಕೆ ಎಂದ ನಿಶ್ಚಯ ದಸರೆಗೆ, ದಸರೆಯಿಂದ ಸಂಕ್ರಾಂತಿಗೆ... ಕೊನೆಗೆ ಬಂದದ್ದು ಹುಡುಗ ಬೇರೆಯವಳಿಗೆ ತಾಳಿ ಕಟ್ಟಿದ ಸುದ್ದಿ!

"ಮುಂದಕ್ಕ ಹಾಕಿದವರು ಅವರೋ, ನೀವೋ?" ಎಂದಳು ಅವಳು ತಣ್ಣಗೆ.

ಮೈಲಾರಿ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

"'ಇನ್ನೂ ಸ್ವಲ್ಪ ತಿಕ್ಕಿ ತೊಳೀಬೇಕಂತ್ರೀ...'" ಅಬೀದಾ ಥೇಟ್ ಅವನ ದನಿಯಲ್ಲೇ ರಾಗ ಎಳೆದಳು. "ಏ ಕಾವೇರಿ, ಅದು ಸಾಫ್ಟ್‌ವೇರೋ, ಊಟದ ಗಂಗಾಳೋ?"

ಕಾವೇರಿ ಕಣ್ಣೊರೆಸಿಕೊಂಡಳು. ಅಬೀದಾ ತನ್ನ ದನಿಗೆ ವಾಪಸು ಬಂದಳು. "ಅಳಬ್ಯಾಡ. ಸಂಶೇ ಇದ್ರ ಹೋಗಿ ನೋಡಿ ಬಾ."

ಅಂದು ಮನೆಯಲ್ಲಿ ಸಿದ್ದಪ್ಪ ಊಟದ ನಡುವೆ ಹೇಳಿದರು, "ಬ್ಯಾಡಗಿ ಕಡೆಯಿಂದ ಒಂದು ಸಂಬಂಧ ಬಂದೈತಿ. ಬಸವ ಜಯಂತಿ ಮುಗದಕೂಡ್ಲೆ ಅವರಿಗೆ ಮಾತು ಕೊಡ್ತೇನಿ."

*

ಬೈರಿದೇವರಕೊಪ್ಪದ ಆ ಸಣ್ಣ ಮನೆಯ ಬಾಗಿಲು ತೆರೆದೇ ಇತ್ತು. ಮೈಲಾರಿಯ ತಾಯಿ ಹುಲಿಗೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಬಾ ಯವ್ವಾ. ಆಂವ ಒಳಗದಾನ. ಅದೇನೋ ಹೊಸಾದು ಹಾಕ್ಕೊಂಡಾನ, ಊಟದ ಖಬರೂ ಇಲ್ಲ ನೋಡು!"

ಹೊಸಾದು?

ಕಾವೇರಿ ಒಳಗೆ ಕಾಲಿಟ್ಟಳು. ಪರದೆಯ ಮೇಲೆ ಅವಳು ಎಂದೂ ನೋಡಿರದ ಬಣ್ಣ. ಮೂಲೆಯಲ್ಲಿ ಹೊಸ ಆವೃತ್ತಿಯ ಸಂಖ್ಯೆ. ಪಕ್ಕದಲ್ಲಿ... ಒಂದು ಪ್ರಿಂಟರ್! ಅವಳ ಅಂಗಡಿಯಲ್ಲಿರುವಂಥದ್ದೇ, ಅದೇ ಕಂಪನಿಯದು, ಅದೇ ಬೂದು ಬಣ್ಣ!

"ಬಂದಿಲ್ಲ ಅಂದ್ರಿ!" ಅವಳು ಪರದೆಯತ್ತ ಬೆರಳು ತೋರಿದಳು. "ಜೂನ್ ಅಂದ್ರಿ! ಇಲ್ಲಿ ನಡದೈತಿ! ಪ್ರಿಂಟರೂ ಐತಿ! ಹೊಸ ಅಂಗಡಿ ತಗೀತೀರೇನು? ನನ್ನ ಅಂಗಡಿಯೊಳಗ ಕಲತು, ನನಗ..."

"ಕಾವೇರಿಯವರ, ಇದು ಪ್ರಯೋಗದ್ದು. ಇನ್ನೂ ಪೂರಾ ಆಗಿಲ್ರಿ, ಕೇಳ್ರಿ ಇಲ್ಲಿ..."

ಅವಳು ಕೇಳಲಿಲ್ಲ. ಮೇಜಿನ ಮೇಲಿದ್ದ ಸಿ.ಡಿ. ಎತ್ತಿಕೊಂಡು ಹೊರಟೇಬಿಟ್ಟಳು!

'ನಾನ ಹಾಕ್ಕೋತೇನಿ. ಇವತ್ತ ಹಾಳಿ ತಗೀತೇನಿ. ಆಂವ ಸುಳ್ಳ ಅಂತ ಅಪ್ಪಗ ತೋರಸ್ತೇನಿ!'

ಅಂಗಡಿಗೆ ಬಂದವಳೇ ಕೌಂಟರಿನ ಕಂಪ್ಯೂಟರಿಗೆ ಸಿ.ಡಿ. ತುರುಕಿದಳು. ಮೈಲಾರಿ ಮಾಡುವುದನ್ನು ಸಾಕಷ್ಟು ಸಲ ನೋಡಿದ್ದಳು. ಕೇಳಿದ್ದಕ್ಕೆಲ್ಲ 'ಹೌದು' ಎನ್ನುತ್ತ ಹೋದಳು. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ತುಂಬಿತು. ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಿತು.

ಕಪ್ಪು.

ಬರೀ ಕಪ್ಪು. ಮೇಲಿನ ಮೂಲೆಯಲ್ಲಿ ಬಿಳಿಯ ಗೆರೆಯೊಂದು ಕಣ್ಣು ಮಿಟುಕಿಸುತ್ತಿತ್ತು. ಹಳೆಯದೂ ಹೋಯಿತು, ಹೊಸದೂ ಬರಲಿಲ್ಲ.

*

ಅಬೀದಾ ಫೋನು ಮಾಡಿದಳು. ಮೈಲಾರಿ ಬಂದ. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಕಂಪ್ಯೂಟರಿನ ಹೊಟ್ಟೆ ಬಿಚ್ಚಿದ.

"ಒಂದಾರ ಮಾತು ಬೈಯ್ರಿ," ಎಂದಳು ಕಾವೇರಿ.

"ಏನಂತ ಬೈಲ್ರಿ? ನನ್ನದೂ ಹಿಂಗ ಎಷ್ಟೋ ಸಲ ಮಕ್ಕೊಂಡೈತಿ. ಅದಕ್ಕ ನಿಮ್ಮ ಅಂಗಡಿಗೆ ತರಲಿಲ್ಲ. ಅರಿಬರಿ ಆದದ್ದು ಕೊಟ್ಟು, ನಾಳೆ ಗಿರಾಕಿ ಮುಂದ ನೀವು ತಲಿ ತಗ್ಗಿಸಿ ನಿಂತ್ರ..."

"ಆ ಪ್ರಿಂಟರು?"

"ಗುಜರಿ ಅಂಗಡಿಯಾಗ ಹುಡುಕಿ ತಂದದ್ದು. ನಿಮ್ಮದರ ಅಣ್ಣನೋ ತಮ್ಮನೋ. ಇದು ಎಲ್ಲಿ ತಪ್ಪತೈತಿ ಅಂತ ನೋಡಿ ನೋಡಿ ಲಿನಕ್ಸ್ ಕಟ್ಟಾವರಿಗೆ ಬರೀತಿದ್ದೆ. ಮೊನ್ನೆ ಉತ್ತರ ಬಂತು, ಸರಿಮಾಡೇವಿ ಅಂತ. ಜೂನ್‌ದಾಗ ಬರೂದು ಅದ ರೀ."

ಕಾವೇರಿಗೆ ಈಗ ಹೊಳೆಯಿತು. 'ಗದಗದಾಂವ ಮುಂದಕ್ಕ ಹಾಕಿದ್ದು ನನ್ನಿಂದ ಜಾರಾಕ. ಇವರು ಕಾಯೂದು... ನನಗ ಪೂರಾ ಆದದ್ದು ಕೊಡಾಕ!'

"ಅವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಿದ ದನಿಯೊಳಗ ಉತ್ತರಕ್ಕ ಜಾಗಾನ ಇರಲಿಲ್ರಿ."

ಅವಳು ಸಂಜೆಯೇ ತಂದೆಯ ಮುಂದೆ ನಿಂತಳು. "ಅಪ್ಪಾ, ಬ್ಯಾಡಗಿಯವರಿಗೆ ಹೂಂ ಅನಬ್ಯಾಡ. ಜೂನ್ ತನಕ ತಡಿ."

"ಮತ್ತೂ ಮುಂದಕ್ಕ ಹೋದ್ರ?" ಸಿದ್ದಪ್ಪ ಕನ್ನಡಕದ ಮೇಲಿಂದ ನೋಡಿದರು.

"ಹೋದ್ರ ಹೋಗಲಿ. ಈ ಸಲ ನನಗ ಹೆದರಿಕಿ ಇಲ್ಲ."

ಬ್ಯಾಡಗಿಗೆ ಫೋನು ಹೋಗಲಿಲ್ಲ.

*

ಜೂನ್ ಬಂತು. ಈ ಸಲ ಹೊಸ ಆವೃತ್ತಿ ಹೇಳಿದ ದಿನವೇ ಬಿಡುಗಡೆಯಾಯಿತು! ಮೈಲಾರಿ ಸಿ.ಡಿ. ಹಿಡಿದು ಓಡಿಬಂದ. ಕೌಂಟರಿನ ಕಂಪ್ಯೂಟರ್ ಹೊಸದನ್ನು ನಿಧಾನವಾಗಿ ನುಂಗತೊಡಗಿತು. ಪಟ್ಟಿ ಅರ್ಧ ತುಂಬಿತು... ಮುಕ್ಕಾಲು... ಅಲ್ಲೇ ನಿಂತಿತು.

ಅಷ್ಟರಲ್ಲಿ ಊಟದ ಹೊತ್ತು. ಸಿದ್ದಪ್ಪ ಬಂದರು.

"ನಿಂತಬಿಟ್ಟೈತಿ ಅನಸ್ತೈತಿ. ಊಟ ಮಾಡಿ ಬಂದು ನೋಡೂಣು, ಏಳು," ಎನ್ನುತ್ತ ಅವರ ಕೈ ಎಂದಿನಂತೆ ಗೋಡೆಯತ್ತ ಹೋಯಿತು.

"ಅಪ್ಪಾ, ಬ್ಯಾಡ!"

ಕಾವೇರಿ ಹಾರಿಬಂದು ಎರಡೂ ಅಂಗೈಗಳಿಂದ ಸ್ವಿಚ್ ಮುಚ್ಚಿ ನಿಂತಳು.

"ನಡುವ ಕರೆಂಟ್ ತಗದ್ರ ಎಲ್ಲಾ ಹೋಗತೈತಿ. ಅದು ನಿಂತಿಲ್ಲ. ಒಳಗ ಕೆಲಸ ನಡದೈತಿ."

"ನಿನಗ ಹೆಂಗ ಗೊತ್ತು?"

"ಗೊತ್ತು."

ಮೈಲಾರಿ ಪರದೆ ನೋಡುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಪಟ್ಟಿ ಸದ್ದಿಲ್ಲದೆ ತುಂಬಿತು.

"ಏನರ ಬರದು ತಗಿ ನೋಡೂಣು," ಎಂದರು ಸಿದ್ದಪ್ಪ.

ಮೈಲಾರಿ ಕೈ ಚಾಚಿದ. ಕಾವೇರಿ ತಡೆದಳು. ತಾನೇ ಕೂತು, ಕನ್ನಡದ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

ಪ್ರಿಂಟರ್ 'ಗುರ್ರ್...' ಎಂದು ಗಂಟಲು ಸರಿಮಾಡಿಕೊಂಡಿತು. ಒಂದು ಕ್ಷಣ... ಮತ್ತೆ 'ಚರಕ್ ಚರಕ್, ಚರಕ್ ಚರಕ್!' ಹಾಳೆ ಇಂಚಿಂಚಾಗಿ ಹೊರಬಂತು. ಸಿದ್ದಪ್ಪ ಬಗ್ಗಿ, ಬಂದಷ್ಟನ್ನೇ ಗಟ್ಟಿಯಾಗಿ ಓದಿದರು.

"ಅಪ್ಪಾ, ಇವರ ಮ್ಯಾಲೆ... ನನಗ ಸಂಶೇ ಉಳದಿಲ್ಲ... ಇವರನ್ನ... ಮದುವಿ ಆಗತೇನಿ."

ಮೈಲಾರಿಯ ಕಣ್ಣು ತುಂಬಿಬಂದವು.

"ತಮ್ಮಾ, ಇನ್ನೊಂದು ಹಾಳಿ ತಗಿ," ಎಂದರು ಸಿದ್ದಪ್ಪ.

"ಯಾಕ್ರಿ ಸಾವಕಾರ್ರ? ಸರಿ ಬಂದಿಲ್ಲೇನ್ರಿ?"

"ನಿಮ್ಮವ್ವಗೊಂದು ಬ್ಯಾಡೇನು?"

"'ನಿಮ್ಮವ್ವಗೊಂದು ಬ್ಯಾಡೇನು?'" ಅಬೀದಾ ಸಿದ್ದಪ್ಪನವರ ದನಿಯಲ್ಲೇ ಅಂದು ನಾಲಿಗೆ ಕಚ್ಚಿಕೊಂಡಳು. ಮೊದಲು ನಕ್ಕವರು ಸಿದ್ದಪ್ಪನವರೇ.

ಎರಡನೆಯ ಹಾಳೆ ಹೊರಡುವಷ್ಟರಲ್ಲಿ ಕಾವೇರಿ ಮತ್ತೆ ಗೋಡೆಗೆ ಒರಗಿ ಸ್ವಿಚ್ ಮುಚ್ಚಿ ನಿಂತಿದ್ದಳು. ಅಪ್ಪನ ಚಾಳಿಯ ಮೇಲೆ ಅವಳಿಗಿನ್ನೂ ಭರವಸೆಯಿರಲಿಲ್ಲ! ಮೈಲಾರಿ ಮೆಲ್ಲಗೆ ಹತ್ತಿರ ಬಂದ.

"ಕೈ ತಗೀರಿ ಇನ್ನ," ಎಂದ, ಅವಳದೇ ಮೊದಲ ದಿನದ ದನಿಯನ್ನು ಅಣಕಿಸುತ್ತ.

"ತಗದ್ರ ಯಾರು ಹಿಡೀತಾರ?"

"ನಾನ."

ಕಾವೇರಿ ಕೈ ತೆಗೆದಳು.