ಉಸಿರಿನ ಸಾಕ್ಷಿ

ಗಾಜಿನ ಕೊಳವೆಗೆ ಸುತ್ತಿದ್ದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿಯಿತು. ಒಳಗಿನ ಗಾಳಿ ಇದ್ದಂತೆಯೇ ಕಂಡಿತು. ಆದರೆ ಪರದೆಯ ಮೇಲೆ ಅಂಕಿಯೊಂದು ಮೂಡಿತು: ಐದು.

"ಇಷ್ಟಕ್ಕ ಇಷ್ಟು ದೊಡ್ಡ ಯಂತ್ರ ಬೇಕೇನ್ರೀ?" ಎಂದರು ಚಿನ್ನದ ಗಣಿಯ ಮುಖ್ಯ ವ್ಯವಸ್ಥಾಪಕ ಶ್ರೀಪಾದ ಕಟ್ಟಿ.

"ಬ್ಯಾರೆ ಮಾಪಕಗಳು ಹಬಿಗೂ ಧೂಳಿಗೂ ಮೋಸ ಹೋಗ್ತಾವ್ರಿ. ಇದು ಹೋಗಂಗಿಲ್ಲ," ಎಂದಳು ವಿಜ್ಞಾನಿ ಹುಲಿಗೆಮ್ಮ.

ಕಾಂತದರ್ಶಿ ಎಂದು ಅವಳು ಹೆಸರಿಟ್ಟಿದ್ದ ಆ ಯಂತ್ರದ ತತ್ತ್ವ ಸರಳವಾಗಿತ್ತು. ಒಂದೇ ದಿಕ್ಕಿನಲ್ಲಿ ಕಂಪಿಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಗಾಳಿಯ ಮೂಲಕ ಹಾಯಿಸಿ, ಜೊತೆಗೆ ಕಾಂತಕ್ಷೇತ್ರವನ್ನು ಹಾಕಿದರೆ, ನೈಟ್ರಿಕ್ ಆಕ್ಸೈಡ್ ಅನಿಲ ಆ ಕಂಪನದ ದಿಕ್ಕನ್ನು ತುಸು ಹೊರಳಿಸುತ್ತದೆ; ಹೊರಳಿದಷ್ಟು ಪರದೆಯ ಅಂಕಿ ಏರುತ್ತದೆ. ಆರಿಸಿಕೊಂಡ ಆ ತರಂಗಾಂತರದಲ್ಲಿ ಹಬೆಯಾಗಲಿ ಧೂಳಾಗಲಿ ಹಾಗೆ ಮಾಡಲಾರವು. ಗಣಿಯಲ್ಲಿ ಬಂಡೆ ಸಿಡಿಸಿದ ಮೇಲೆ ಸುರಂಗದಲ್ಲಿ ಉಳಿದು ಶ್ವಾಸಕೋಶ ಸುಡುವ ವಿಷಗಾಳಿಯಲ್ಲಿ ಇರುವುದು ಈ ಅನಿಲವೇ.

ಹುಲಿಗೆಮ್ಮನಿಗೆ ಹನ್ನೊಂದು ವರ್ಷವಾಗಿದ್ದಾಗ ಅವಳ ತಂದೆ ದುರ್ಗಪ್ಪ ಇದೇ ಗಣಿಯಲ್ಲಿ ಸತ್ತಿದ್ದ. "ಕುಡಿದು ಒಳಹೊಕ್ಕು ಬಿದ್ದಿದ್ದಾನೆ, ಅನಿಲದ ಸುಳಿವಿಲ್ಲ" ಎಂಬ ವರದಿಯ ಕೆಳಗೆ ಕಟ್ಟಿಯವರ ರುಜು ಇತ್ತು. ಹೆಂಡ ಮುಟ್ಟದವನ ಹೆಂಡತಿಯನ್ನು, ಆಕೆ ಸಾಯುವತನಕ, ಊರು ಕುಡುಕನ ಹೆಂಡತಿ ಎಂದೇ ಕರೆಯಿತು. ಆ ರುಜುವಿನ ಮೇಲಿನ ಸೇಡಿಗಾಗಿಯೇ ಹುಲಿಗೆಮ್ಮ ಭೌತಶಾಸ್ತ್ರ ಓದಿದ್ದಳು. ಒಂದು ದಿನ ಅಂಕಿ ಏರಬೇಕು, ಯಂತ್ರವೇ ಅದನ್ನು ಸುರಕ್ಷತಾ ಇಲಾಖೆಗೆ ಕಳಿಸಬೇಕು, ನಿವೃತ್ತಿಯ ಹೊಸ್ತಿಲಲ್ಲಿರುವ ಈ ಮನುಷ್ಯ ತಲೆ ತಗ್ಗಿಸಿ ಹೊರಡಬೇಕು. ಅವಳು ಯಾರೆಂಬುದು ಅವರಿಗೆ ತಿಳಿದಿರಲಿಲ್ಲ.

ಇಪ್ಪತ್ತು ದಿನ ಕಳೆದರೂ, ಕೂಲಿಕಾರರು ಸುರಂಗಕ್ಕೆ ಇಳಿಯುವ ಹೊತ್ತಿಗೆ ಅಂಕಿ ಏರಿರಲಿಲ್ಲ. ಸಿಡಿತವಾದ ಮೇಲೆ ಕಟ್ಟಿ ಎರಡು ತಾಸು ಫ್ಯಾನು ಓಡಿಸದೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಹುಲಿಗೆಮ್ಮ ಒಳಗೊಳಗೇ ಕುದಿದಳು.

ಇಪ್ಪತ್ತೊಂದನೆಯ ದಿನ ಕಟ್ಟಿ ಕೊಳವೆಯ ಬಾಯಿಯತ್ತ ಬಗ್ಗಿ ನೋಡುತ್ತ ಕೆಮ್ಮಿದರು. ಅಂಕಿ ಎಂಬತ್ತಕ್ಕೆ ನೆಗೆಯಿತು. ಹುಲಿಗೆಮ್ಮ ತಾನೇ ಊದಿ ನೋಡಿದಳು: ಹದಿನಾಲ್ಕು.

"ನೀವು ಇನ್ನೊಮ್ಮೆ ಊದ್ರಿ."

ಎಂಬತ್ತಮೂರು.

"ಶ್ವಾಸನಾಳ ಬಾತಿದ್ರ ಉಸಿರಿನ್ಯಾಗೂ ಈ ಅನಿಲ ಹೆಚ್ಚಾಗಿ ಬರ್ತದ. ಕೆಮ್ಮು ಯಾವಾಗಿಂದ್ರಿ?"

"ಹದಿನೇಳು ವರ್ಷ ಆತು."

"ದುರ್ಗಪ್ಪ ಸತ್ತ ವರ್ಷ," ಎಂದಳು ಅವಳು. "ನಾನು ಅವನ ಮಗಳು."

ಕಟ್ಟಿ ಬೆಂಚಿನ ಮೇಲೆ ಕೂತರು.

"ಸಿಡಿದು ಹತ್ತು ನಿಮಿಷ ಆಗಿದ್ದಿಲ್ಲ, ನಾನ ಅವನ್ನ ಒಳಗ ಕಳಿಸಿದೆ. ಬರಲಿಲ್ಲ. ಹೋಗಿ ಹೆಗಲ ಮ್ಯಾಲ ಹೊತ್ಕೊಂಡು ಬಂದೆ. ಆಗಿಂದ ಹತ್ತಿದ ಈ ಕೆಮ್ಮು ಡಾಕ್ಟರಿಗೆ ತೋರಿಸಿದ್ರ ಅನಿಲ ಅಂತ ಬರೀತಿದ್ರು. ತೋರಿಸಲೇ ಇಲ್ಲ."

"ಹೊತ್ತು ತಂದವರು ಕುಡುಕ ಅಂತ ಯಾಕ ಬರೆದ್ರಿ?"

ಇಂಥ ತಪ್ಪೊಪ್ಪಿಗೆ ಕೇಳಿದರೆ ಎದೆ ತಣ್ಣಗಾದೀತೆಂದು ಅವಳು ನಂಬಿದ್ದಳು. ಹಾಗಾಗಲಿಲ್ಲ. ಅದೇ ಸಂಜೆ ಅವಳು ಸುರಕ್ಷತಾ ಇಲಾಖೆಗೆ ದೂರು ಬರೆದಳು.

ಆಸ್ಪತ್ರೆಯ ಚಿತ್ರಗಳಲ್ಲಿ ಕಟ್ಟಿಯವರ ಶ್ವಾಸಕೋಶದ ಹಳೆಯ ಗಾಯಗಳು ಕಂಡವು. ನಾಲ್ಕು ತಿಂಗಳ ನಂತರ ವಿಚಾರಣೆ ಎಂದಾಯಿತು. ಆದರೆ ವೈದ್ಯರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು: ಔಷಧಿ ಸರಿಯಾಗಿ ತೆಗೆದುಕೊಳ್ಳದಿದ್ದರೆ ಈ ಮನುಷ್ಯ ಅಲ್ಲಿಯತನಕ ಉಳಿಯುವುದಿಲ್ಲ, ತೆಗೆದುಕೊಳ್ಳುವ ಮನಸ್ಸೂ ಅವರಿಗಿಲ್ಲ.

ಮರುದಿನದಿಂದ ಹುಲಿಗೆಮ್ಮ ಬೆಳಿಗ್ಗೆ ಎಂಟಕ್ಕೆ ಅವರ ಮನೆಗೆ ಹೋಗಿ, ಮಾತ್ರೆ ಗಂಟಲಿಳಿಯುವವರೆಗೆ ಎದುರಿಗೇ ನಿಲ್ಲತೊಡಗಿದಳು. ಕಟ್ಟಿಯವರ ಹೆಂಡತಿ ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ.

"ಇಷ್ಟು ಕಾಳಜಿ ಯಾಕವ್ವಾ?" ಎಂದರು ಕಟ್ಟಿ ಒಮ್ಮೆ.

"ಕಾಳಜಿ ಅಲ್ರಿ. ನಮ್ಮಪ್ಪ ಕುಡಿದಿದ್ದಿಲ್ಲ ಅಂತ ನಿಮ್ಮ ಬಾಯಿಲೆ ಊರ ಮುಂದ ಹೇಳೂತನಕ ನೀವು ಸಾಯೂ ಹಂಗಿಲ್ಲ."

ವಾರಕ್ಕೊಮ್ಮೆ ಯಂತ್ರದ ಮುಂದೆ ಊದಿಸುತ್ತಿದ್ದಳು. ಎಪ್ಪತ್ತಾಯಿತು, ಅರವತ್ತೊಂದಾಯಿತು. ನಲವತ್ತು ಬಂದ ದಿನ "ಇಳೀತು!" ಎಂದು ಕೂಗಿಯೇಬಿಟ್ಟಳು. ಕಟ್ಟಿ ತಲೆಯೆತ್ತಿ ನೋಡಿದಾಗ, ತನ್ನ ಮುಖದಲ್ಲಿ ನಗುವಿರುವುದು ಅವಳಿಗೆ ತಿಳಿಯಿತು. ಅವಮಾನವಾದಂತಾಗಿ ಅವಳು ಥಟ್ಟನೆ ಆ ಕಡೆ ತಿರುಗಿ ನಿಂತಳು.