ಹದಿನಾಲ್ಕನೆಯ ದ್ವೀಪ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ವಪ್ನಾ ಸಂಗ್ರಹದ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಚಿಪ್ಪುಗಳನ್ನು ಎಣಿಸಿದಳು. ಹದಿಮೂರು. ಕಣ್ಣು ತಪ್ಪಿರಬೇಕೆಂದು ಒಂದೊಂದರ ಮೇಲೂ ಬೆರಳಾಡಿಸಿ ಎಣಿಸಿದಳು. ಹದಿಮೂರೇ. ಮೂರನೆಯ ಸಲವೂ ಅಷ್ಟೇ.

ಪೆಟ್ಟಿಗೆಯಲ್ಲಿದ್ದದ್ದು ಒಂದು ನಕ್ಷೆ. ಕಾಗದದ್ದಲ್ಲ, ತೆಂಗಿನ ಗರಿಯ ಕಡ್ಡಿಗಳನ್ನು ನಾರಿನಿಂದ ಬಿಗಿದು ಕಟ್ಟಿದ್ದು. ಪೆಸಿಫಿಕ್ ಸಾಗರದ ನಡುವೆ ಚೆದುರಿ ಬಿದ್ದ ಮೊತುವೇರಾ ದ್ವೀಪಗಳ ನಾವಿಕನೊಬ್ಬ ನೂರು ವರ್ಷದ ಹಿಂದೆ ಮಾಡಿದ್ದು. ಬಾಗಿದ ಕಡ್ಡಿಗಳೆಂದರೆ ಅಲೆಗಳ ದಾರಿ. ಅಲ್ಲಲ್ಲಿ ಕಟ್ಟಿದ ಚಿಪ್ಪುಗಳೆಂದರೆ ದ್ವೀಪಗಳು. ಹದಿನಾಲ್ಕು ದ್ವೀಪ, ಹದಿನಾಲ್ಕು ಚಿಪ್ಪು.

ಸ್ವಪ್ನಾ ಪರದೇಶದ ಫ್ರೀಮಾಂಟಿನಲ್ಲಿದ್ದ ಈ ಸಂಶೋಧನಾ ಕೇಂದ್ರಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ದ್ವೀಪದವರ ಹಾಯಿದೋಣಿಯ ಹಾಡುಗಳನ್ನು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನಕ್ಷೆಯನ್ನು ಅದರ ಮನೆಯವರಿಗೆ ಹಿಂದಿರುಗಿಸಬೇಕೆಂದು ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದವಳೂ ಅವಳೇ. ಆ ನಾವಿಕನ ಮೊಮ್ಮಗಳು ನೇರಿಯಾ ಸೋಮವಾರ ಬರಬೇಕಾಗಿತ್ತು. ವಿಮಾನದ ದಿನ ಬದಲಾಗಿ ಇವತ್ತೇ ಮೂರು ಗಂಟೆಗೆ ಬರುತ್ತಿದ್ದಳು. ದ್ವೀಪದವರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು – ನಕ್ಷೆಯ ಒಂದು ಎಳೆಗೆ ಧಕ್ಕೆಯಾದರೂ ಕೇಂದ್ರದವರು ಮತ್ತೆ ಆ ದ್ವೀಪಗಳಿಗೆ ಕಾಲಿಡುವಂತಿಲ್ಲ.

ಸ್ವಪ್ನಾ ಫೋನ್ ತೆಗೆದು ಗೌರಾದೇವಿಗೆ ಕಾಲ್ ಮಾಡಿದಳು.

ಗೌರಾದೇವಿ ಅವಳ ದೊಡ್ಡಪ್ಪನ ಮಗಳು, ಗದಗಿನವಳು. ಪಕ್ಕದ ಊರು ಬೆಲ್ವ್ಯೂದ ಒಂದು ಕಂಪನಿಯಲ್ಲಿ ಮುರಿದ ಯಂತ್ರಭಾಗಗಳನ್ನು ನೋಡಿ, ಅವು ಯಾಕೆ ಮುರಿದವು, ಯಾರ ತಪ್ಪಿನಿಂದ ಮುರಿದವು ಎಂದು ಹೇಳುವುದು ಅವಳ ಉದ್ಯೋಗ. ಮನೆಯಲ್ಲೂ ಅದೇ ಕಣ್ಣು. ಅವಳೆದುರು ಯಾರೂ ಸುಳ್ಳು ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ತನ್ನ ಮನೆಯಿದ್ದ ಟೋಟೆಮ್ ಲೇಕಿನಿಂದ ಅವಳು ಬರುವಷ್ಟರಲ್ಲಿ ಹನ್ನೊಂದಾಗಿತ್ತು. ನಡುವಿನ ಕಾಲುವೆಯಲ್ಲಿ ಹಡಗೊಂದಕ್ಕೆ ದಾರಿ ಬಿಡಲು ಸೇತುವೆ ಎತ್ತಿದ್ದರಂತೆ. ಬಂದವಳು ನೀರು ಸಹ ಕೇಳಲಿಲ್ಲ. ಚಿಪ್ಪು ಇದ್ದ ಜಾಗದ ನಾರಿಗೆ ಭೂತಗನ್ನಡಿ ಹಿಡಿದಳು.

"ನಾರು ಹರಿದಿಲ್ಲ," ಎಂದಳು. "ಬಿಚ್ಯಾರ. ಸಣ್ಣ ಇಕ್ಕಳದಾಗ ಹಿಡದು, ಸಾವಕಾಶ ಬಿಚ್ಯಾರ. ಇದು ಬಿದ್ದು ಕಳದದ್ದಲ್ಲ ಸ್ವಪ್ನಾ."

ಸ್ವಪ್ನಾ ಗಡಿಯಾರ ನೋಡಿದಳು. ಬಿದ್ದು ಕಳೆದಿದ್ದರೆ ಹುಡುಕಬಹುದಿತ್ತು. ಇದು ತನ್ನವರೇ ಯಾರೋ ಮಾಡಿದ್ದು.

"ಗಾಬರಿ ಆಗಬ್ಯಾಡ. ಗುರುವಾರದಿಂದ ಈ ಕೋಣೆಗೆ ಯಾರ್ಯಾರು ಬಂದಾರ ಹೇಳು."

ಬಂದವರು ಮೂವರೇ. ಸಂಗ್ರಹ ನೋಡಿಕೊಳ್ಳುವ ಲಿಂಡಾ. ನಕ್ಷೆಯ ಫೋಟೋ ತೆಗೆದ ಕಲ್ಮೇಶ್. ಬಾಗಲಕೋಟೆಯವನು, ವಾರವಿಡೀ ಸಾಫ್ಟ್‌ವೇರ್ ಕೆಲಸ, ಬಿಡುವಿನಲ್ಲಿ ಕೇಂದ್ರಕ್ಕೆ ಸಹಾಯ. ಮತ್ತೆ ಹಾಸನದ ಶಿವಕುಮಾರ್; ಹವಳ, ಚಿಪ್ಪುಗಳ ಪದರಗಳನ್ನು ಓದಿ ಹಿಂದಿನ ಕಾಲದ ಸಮುದ್ರದ ಬಿಸಿಯನ್ನು ಲೆಕ್ಕ ಹಾಕುವ ವಿಜ್ಞಾನಿ. ಮೂವರೂ ಅವತ್ತು ನೇರಿಯಾಳ ಸ್ವಾಗತಕ್ಕೆಂದು ಬಂದಿದ್ದರು.

ಗೌರಾದೇವಿ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಎಲ್ಲರಿಗೂ ಹೇಳಿದ್ದು ಒಂದೇ ಮಾತು – ನಕ್ಷೆಯ ಒಂದು ಕವಡೆ ಕಾಣಿಸುತ್ತಿಲ್ಲ.

ಲಿಂಡಾ ಬೆಚ್ಚಿಬಿದ್ದಳು. ಶುಕ್ರವಾರ ಪೆಟ್ಟಿಗೆಗೆ ಹೊಸ ಹತ್ತಿ ಹಾಸಿದ್ದು ತಾನೇ, ಆಗ ಎಣಿಸಲಿಲ್ಲ ಎಂದಳು. ನಡುವಿನ ಹೊಳೆಯುವ ದೊಡ್ಡ ಕವಡೆಯೇ ಹೋಯಿತೇ ಎಂದು ಎರಡು ಸಲ ಕೇಳಿದಳು.

ಕಲ್ಮೇಶ್ ತನ್ನ ಕ್ಯಾಮೆರಾದ ಚೀಲವನ್ನು ತಾನೇ ಮೇಜಿನ ಮೇಲೆ ಸುರಿದುಬಿಟ್ಟ. "ನೋಡ್ರಿ ಅಕ್ಕಾರ, ನನ್ನ ಕಡೆ ಏನೂ ಇಲ್ಲ. ಗುರುವಾರ ಮಧ್ಯಾಹ್ನ ತಗದ ಫೋಟೋದಾಗ ಹದಿನಾಲ್ಕೂ ಅದಾವ."

ಕೊನೆಗೆ ಶಿವಕುಮಾರ್ ಬಂದ. ನಗುಮುಖದ ಮನುಷ್ಯ, ಇವತ್ತು ಮಾತ್ರ ನಗು ಸ್ವಲ್ಪ ತಡವಾಗಿ ಬಂತು.

"ನೀವು ಕೋಣೆಗೆ ಯಾವಾಗ ಬಂದಿದ್ರಿ?"

"ಶುಕ್ರವಾರ ಸಂಜೆ ಮೇಡಂ. ನನ್ನ ಹವಳದ ಸ್ಯಾಂಪಲ್ ತಗೊಳ್ಳೋಕೆ."

"ಈ ಪೆಟ್ಟಿಗೆ ತಗದ್ರ್ಯಾ?"

"ಇಲ್ಲ. ಅದು ಸ್ವಪ್ನಾ ಅವರ ವಿಭಾಗ. ನಾನು ಆ ನಕ್ಷೇನ ಹತ್ತಿರದಿಂದ ನೋಡಿದ್ದೂ ಇಲ್ಲ."

"ಕವಡಿ ಎಲ್ಲಿ ಹೋಗಿರಬೇಕಂತೀರಿ?"

"ನೂರು ವರ್ಷದ ನಾರು ಮೇಡಂ. ಅಷ್ಟು ಭಾರ ಎಷ್ಟು ದಿನ ತಡೆಯುತ್ತೆ? ಪೆಟ್ಟಿಗೆ ಎತ್ತಿಡುವಾಗ ಕಳಚಿಕೊಂಡಿರುತ್ತೆ."

ಗೌರಾದೇವಿ ತಲೆಯಾಡಿಸಿ ಅವನನ್ನು ಕಳುಹಿಸಿದಳು. ಕಲ್ಮೇಶನ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಮೂವರನ್ನೂ ಒಟ್ಟಿಗೆ ಕರೆಸಿದಳು. ಗಡಿಯಾರದಲ್ಲಿ ಒಂದು ಗಂಟೆ.

"ಕಳ್ಳ ಏನನ್ನ ಕದ್ದ ಅನ್ನೋದನ್ನ ನಾವು ಯಾರೂ ಸರಿಯಾಗಿ ನೋಡಲಿಲ್ಲ," ಎಂದು ಆರಂಭಿಸಿದಳು. "ಒಂದು ಚಿಪ್ಪು ಹೋತು ಅಂದ್ವಿ. ಎಂಥ ಚಿಪ್ಪು? ಸ್ವಪ್ನಾ, ಈ ಫೋಟೋದಾಗ ತುದಿಯೊಳಗಿನ ದ್ವೀಪ ನೋಡು. ಇದು ಕವಡಿಯೇನು?"

ಸ್ವಪ್ನಾ ಬಗ್ಗಿ ನೋಡಿದಳು. ನೂರು ಸಲ ನೋಡಿದ್ದ ನಕ್ಷೆ ಅದು. ಹದಿಮೂರು ಕಡೆ ನುಣುಪಾದ ಕವಡೆ. ತುದಿಯಲ್ಲಿ ಮಾತ್ರ ಮಾಸಲು ಬಿಳಿಯ ದಪ್ಪ ತುಂಡು. ದೈತ್ಯ ಕಪ್ಪೆಚಿಪ್ಪಿನ ಚೂರು.

"ಆಸೆಗೆ ಕದಿಯೋರು ನಡುವಿನ ಹೊಳೆಯೋ ಕವಡಿ ಬಿಡ್ತಿರಲಿಲ್ಲ. ಈ ಕಲ್ಲಿನಂಥ ಚೂರು ಯಾರಿಗೆ ಬೇಕು? ಅದರ ಪದರ ಓದಾಕ ಬರೋರಿಗೆ ಮಾತ್ರ ಬೇಕು."

ಕಲ್ಮೇಶ್ ಅದನ್ನು ಲಿಂಡಾಳಿಗೆ ಇಂಗ್ಲಿಷಿನಲ್ಲಿ ಹೇಳಿದ.

"ಇನ್ನೊಂದು. ನಾನು ಎಲ್ಲರಿಗೂ ಕವಡಿ ಅಂತನ ಹೇಳಿದ್ದೆ. ಕವಡಿ ಗಾಳಿಗಿಂತ ತುಸು ತೂಕ, ಅಷ್ಟೇ. ಅದಕ್ಕ 'ಅಷ್ಟು ಭಾರ' ಅಂದವರು ಒಬ್ಬರು. ಈ ನಕ್ಷೆಯೊಳಗ ಭಾರ ಇದ್ದದ್ದು ಒಂದೇ ಚಿಪ್ಪು. ಹತ್ತಿರದಿಂದ ನೋಡೇ ಇಲ್ಲ ಅಂದವರಿಗೆ ಅದರ ಭಾರ ಹೆಂಗ ಗೊತ್ತಾತು ಶಿವಕುಮಾರ್?"

ಶಿವಕುಮಾರ್ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಎಳ್ಳಷ್ಟು ಸೀಳು ತಗೊಂಡು ಭಾನುವಾರ ವಾಪಸ್ ಕಟ್ಟಿಬಿಡೋಣ ಅಂದ್ಕೊಂಡೆ," ಎಂದ ಮೆಲ್ಲಗೆ. "ನೂರು ವರ್ಷದ ಹಿಂದಿನ ಸಮುದ್ರ ಅದರೊಳಗಿದೆ. ಬೇರೆಲ್ಲೂ ಸಿಗಲಿಲ್ಲ. ಅವರು ಇವತ್ತೇ ಬರ್ತಾರೆ ಅಂತ ಗೊತ್ತಾದಾಗ... ಹೇಳೋಕೆ ಬಾಯಿ ಬರಲಿಲ್ಲ. ಇನ್ನೂ ಕೊಯ್ದಿಲ್ಲ. ಮೇಲಿನ ಲ್ಯಾಬಿನಲ್ಲಿದೆ."

ಐದು ನಿಮಿಷದಲ್ಲಿ ಚೂರು ಬಂತು. ಕೊಯ್ಯುವ ಯಂತ್ರಕ್ಕೆಂದು ಮೇಣದಲ್ಲಿ ಕೂರಿಸಿದ್ದ; ಒಂದು ಗೀರೂ ಇರಲಿಲ್ಲ. ಮೇಣ ಬಿಡಿಸಿ ಕಟ್ಟಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಲಿಂಡಾ ಸೂಚಿಸಿದಳು. ಕಲ್ಮೇಶನಿಗೂ ಅದೇ ಸರಿ ಎನ್ನಿಸಿತು. ಎಲ್ಲರೂ ಸ್ವಪ್ನಾಳ ಮುಖ ನೋಡಿದರು.

ಸ್ವಪ್ನಾಳಿಗೂ ಆ ಆಸೆ ಬಂದಿತ್ತು. ನಾಲ್ಕು ವರ್ಷದ ಕೆಲಸ, ಆ ಹಾಡುಗಳು, ಆ ಜನ, ಎಲ್ಲ ಒಂದು ಮಾತಿನಿಂದ ಮುಗಿದುಹೋಗಬಹುದು. ಆದರೆ ಆ ಜನ ಅವಳಿಗೆ ಹಾಡು ಹೇಳಿಕೊಟ್ಟದ್ದು ಅವಳನ್ನು ನಂಬಿ.

"ಕಟ್ಟೋದು ಬೇಡ," ಎಂದಳು. "ನೀವೇ ಹೇಳಬೇಕು ಶಿವಕುಮಾರ್. ಅವರ ಮುಂದೆ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮೂರು ಗಂಟೆಗೆ ನೇರಿಯಾ ಬಂದಳು. ಎಪ್ಪತ್ತರ ಗಟ್ಟಿ ಹೆಂಗಸು, ಹೂವಿನ ಅಂಗಿಯ ಮೇಲೆ ಯಾರದೋ ದೊಡ್ಡ ಸ್ವೆಟರ್. ಶಿವಕುಮಾರ್ ಚೂರನ್ನು ಅಂಗೈಯಲ್ಲಿ ಹಿಡಿದು, ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. ಚೂರನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ, ಅದರಲ್ಲಿ ಏನು ಓದಬೇಕೆಂದಿದ್ದೆ ಎಂದು ವಿಚಾರಿಸಿದಳು. ಸಮುದ್ರ ಯಾವ ವರ್ಷ ಬಿಸಿಯಾಗಿತ್ತು ಎಂಬುದನ್ನು ಎಂದ ಅವನು.

ಅದು ತಮ್ಮ ಹಾಡಿನಲ್ಲಿದೆ ಎಂದಳು ನೇರಿಯಾ. ಮೀನು ಬಿಟ್ಟುಹೋದ ವರ್ಷ, ಆ ತುದಿಯ ದ್ವೀಪದಿಂದ ತನ್ನ ಅಜ್ಜ ದೋಣಿ ಏರಿದ ವರ್ಷ. ಹಾಡು ಹೇಳುವುದೂ ಚಿಪ್ಪು ಹೇಳುವುದೂ ಒಂದೇ ಏನು ಎಂದು ತನಗೂ ತಿಳಿಯಬೇಕು. ಆದರೆ ಈ ಚೂರು ಅಜ್ಜನದು, ಇದನ್ನು ಕೊಯ್ಯಲು ಕೊಡುವುದಿಲ್ಲ. ತಮ್ಮಲ್ಲಿ ಪ್ರತಿ ಮನೆ ಕಟ್ಟಿದಾಗಲೂ ಅದನ್ನು ಕಟ್ಟಿದ ವರ್ಷದ್ದೊಂದು ಕಪ್ಪೆಚಿಪ್ಪನ್ನು ಹೊಸ್ತಿಲ ಬಳಿ ಇಡುತ್ತಾರೆ; ಅಜ್ಜನ ಕಾಲದವೂ ಇವೆ. ಒಪ್ಪಂದದ ಶಿಕ್ಷೆ ಬೇಡ, ಅವನು ಬಂದು ಬಾಗಿಲು ಬಾಗಿಲಿಗೂ ಹೋಗಿ ಕೇಳಲಿ. ಕದ್ದದ್ದನ್ನು ಮೊದಲು ಹೇಳಿ, ಆಮೇಲೆ ಕೇಳಲಿ. ಕೊಡುವುದು ಬಿಡುವುದು ಆ ಮನೆಯವರ ಇಷ್ಟ.

ಗೌರಾದೇವಿ ಸ್ವಪ್ನಾಳ ಕಿವಿಯಲ್ಲಿ, "ಶಿಕ್ಷೆ ಭಾಳ ಚಲೋ ಐತಿ," ಎಂದಳು. ಬೆಳಗಿನಿಂದ ಮೊದಲ ಬಾರಿಗೆ ಸ್ವಪ್ನಾ ಮನಸಾರೆ ನಕ್ಕಳು.

ಮುಂದಿನ ಜೂನಿನಲ್ಲಿ ಶಿವಕುಮಾರ್ ದ್ವೀಪಗಳಿಗೆ ಹೋದ. ಆರು ವಾರ ಇದ್ದ. ಅವನ ಪ್ರಬಂಧ ಸಿದ್ಧವಾದಾಗ ಮೊದಲು ಸ್ವಪ್ನಾಳಿಗೆ ಕಳುಹಿಸಿದ. ಬಿಸಿಯ ಲೆಕ್ಕ, ಹಾಡಿನ ಲೆಕ್ಕ ಎರಡೂ ಒಂದೇ ವರ್ಷಕ್ಕೆ ಬಂದು ನಿಂತಿದ್ದವು. ಅದನ್ನು ಓದಿ ಅವಳಿಗೆ ಸಂತೋಷವಾಯಿತು. ಆದರೆ ಅವಳು ಗೌರಾದೇವಿಗೆ ಫೋನ್ ಮಾಡಿ ಓದಿ ಹೇಳಿದ್ದು ಬೇರೆಯೇ ಒಂದು ಸಾಲನ್ನು:

"ಇಪ್ಪತ್ತೆರಡು ಮನೆಗಳಲ್ಲಿ ಕೇಳಿದೆ. ಮೂರು ಮನೆಯವರು ಕೊಡಲಿಲ್ಲ. ಅಲ್ಲಿ ಊಟ ಮಾಡಿ ಬಂದೆ."