ಕಡೆಯ ನಾಲ್ಕು ಹಾಳೆ

"ಕತಿ ಮುಗಿಯೂ ಹಾಳಿನೇ ಇಲ್ರಿ, ಅಂಬೂಬಾಯಾರ!" ಎಂದು ಶ್ರೀಪಾದರಾಯರು ಪುಸ್ತಕ ಹಿಡಿದುಕೊಂಡು ಓಡಿ ಬಂದಾಗ ನಾನಿನ್ನೂ ಚಹಾಕ್ಕೆ ಬಾಯಿ ಹಚ್ಚಿರಲಿಲ್ಲ. ನನ್ನ ನಸೀಬೇ ಅಷ್ಟು. ಬೀದರದ ಮೈಲೂರಿನಲ್ಲಿ ಎಮ್ಮೆ ಕಳೆದರೂ ಮೂಗುತಿ ಕಳೆದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದುದು ಅಂಬೂಬಾಯಿಯವರ ಬಾಗಿಲಿಗೆ. ಅವರ ಜೊತೆ ಹನ್ನೊಂದು ವರ್ಷ ತಿರುಗಿದ ಈ ಸತ್ಯಮ್ಮ ಬಿಸಿ ಚಹಾ ಕುಡಿದದ್ದು ಕಡಿಮೆ.

ಪೊಲೀಸ್ ಆಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಭಾಲ್ಕಿಯ ವಕೀಲ ಶ್ರೀಪಾದರಾಯರು ತಿಂಗಳಿಗೊಮ್ಮೆ ಶನಿವಾರ, ರವಿವಾರ ತಮ್ಮ ವಾಡೆಯಲ್ಲಿ ಕೆಲವರನ್ನು ಕೂಡಿಸಿ, ಒಂಬೈನೂರು ಪುಟದ ಹಳೆಯ ಕಾದಂಬರಿಯೊಂದನ್ನು ಓದಿಸಿ ಚರ್ಚೆ ನಡೆಸುತ್ತಿದ್ದರು. ಆ ಕೂಟಕ್ಕೆ ಬೀದರದಿಂದ ಹೋದ ನಾವಿಬ್ಬರೂ ಅವರ ವಾಡೆಯಲ್ಲೇ ಇಳಿದುಕೊಂಡಿದ್ದೆವು. ಇದ್ದದ್ದು ಒಂದೇ ಪ್ರತಿ. ಹೊಲಿಗೆ ಸಡಿಲಾಗಿ ಹಾಳೆಗಳು ಕೈಗೇ ಬರುತ್ತಿದ್ದವು. ರಟ್ಟಿನ ಎರಡೂ ಕಡೆ ಬರೀ ಖಾದಿ ಬಟ್ಟೆ, ಒಂದಕ್ಷರವಿಲ್ಲ. ನಾಯಕಿ ಊರು ಬಿಟ್ಟುಹೋದ ಗಂಡನಿಗಾಗಿ ಕಾಯುತ್ತಿದ್ದಳು. ಅವನು ಬಂದನೋ ಇಲ್ಲವೋ ಎಂಬುದು ಆ ರವಿವಾರ ಓದಬೇಕಿದ್ದ ಕಡೆಯ ನಾಲ್ಕು ಹಾಳೆಯಲ್ಲಿತ್ತು.

"ಮೀರಾಬಾಯಿದೇ ಕೆಲಸ," ಎಂದರು ರಾಯರು. "ಗಂಡ ಬರಲಿಲ್ಲಂತ ಇದ್ರ ಆ ಹಾಳಿ ಬಾವಿಗೆ ಒಗೀರಿ ಅಂತ ನಿನ್ನಿ ಎಲ್ಲಾರ ಮುಂದ ಅಂದಾಳಲ್ರಿ. ಇವತ್ತೇ ಗಂಟು ಕಟ್ಟಲಿ, ನಡೀಲಿ."

ಮೀರಾಬಾಯಿ ಆ ಮನೆಯ ಅಡಿಗೆಯಾಕೆ. ಆಕ್ಷನ್ ಆದ ವರ್ಷ ಔರಾದಿಗೆ ಬಂಡಿ ಹೊಡೆದುಕೊಂಡು ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ನಾವು ಓದುವಾಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಈ ಮನೆ ಬಿಟ್ಟರೆ ಅವಳಿಗೆ ತಲೆ ಮೇಲೆ ಸೂರಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಾಲಿಗಿಗೆ ಎಲುಬಿಲ್ಲಂತ ಹ್ಯಾಂಗ ಬೇಕಾದ್ರೂ ಹೊಳ್ಳಿಸಬಾರದ್ರಿ ವಕೀಲರ!" ಎಂದುಬಿಟ್ಟೆ.

"ಊಟದ ತನಕ ತಡೀರಿ," ಎಂದರು ಅಂಬೂಬಾಯಿ. "ಪುಸ್ತಕ ಹ್ಯಾಂಗ ಸಿಕ್ತು?"

"ಕಪಾಟದಾಗೇ ಇತ್ರಿ. ನಿನ್ನಿ ನೆಟ್ಟಗ ಇಟ್ಟಿದ್ದೆ. ಇವತ್ತ ಮ್ಯಾಲಿನ ರಟ್ಟು ಎತ್ತಿದ್ರ ಕತಿ ಹಿಂಭಾಗ ಬಂತು. ನೋಡ್ತೇನಿ, ಕಡೀ ಹಾಳಿ ಇಲ್ಲ."

ಪಡಸಾಲೆಯಲ್ಲಿ ಅಬ್ದುಲ ಗಫೂರ ಮಾಸ್ತರರು ಉರ್ದು ಪೇಪರು ಓದುತ್ತ ಕೂತಿದ್ದರು. ಔರಾದದಲ್ಲಿ ಇಪ್ಪತ್ತೆಂಟು ವರ್ಷ ಉರ್ದುವಿನಲ್ಲೇ ಲೆಕ್ಕ ಕಲಿಸಿದವರು. ಈಗ ಅವರ ಸಾಲೆ ಕನ್ನಡಕ್ಕೆ ತಿರುಗಿತ್ತು. ಕೂಟದಲ್ಲಿ ಓದುವ ಸರದಿ ಬಂದರೆ, ಕಣ್ಣು ಮಂಜಾಗಿವೆ ಎಂದು ಪುಸ್ತಕವನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಆದರೆ ಪಾರಾಯಣದ ರೂಢಿಯಂತೆ ನಾವು ಪ್ರತಿ ಸಲ ಮೊದಲ ಪುಟ ಓದಿಯೇ ಮುಂದುವರಿಯುತ್ತಿದ್ದುದರಿಂದ, ಆ ಪುಟ ಅವರಿಗೆ ಬಾಯಿಪಾಠವಾಗಿತ್ತು.

"ಆ ತಂಗಿ ಕದಿಯೂ ಪೈಕಿ ಅಲ್ರಿ," ಎಂದರು ಮಾಸ್ತರರು ತಾವಾಗಿಯೇ. "ಖುದಾ ಕಸಮ್, ಕಡೀ ಹಾಳಿ ಯಾರು ಒಯ್ದಾರೋ ನನಗ ತಿಳೀವಲ್ದು."

ಅಂಬೂಬಾಯಿ ಅವರ ಕೈಯಲ್ಲಿದ್ದ ಪೇಪರನ್ನು ಒಂದು ಗಳಿಗೆ ನೋಡಿದರು.

ಊಟವಾದ ಮೇಲೆ ಎಲ್ಲರನ್ನೂ ಜಮಖಾನೆಯ ಮೇಲೆ ಕೂಡಿಸಿದರು. ಮೀರಾಬಾಯಿ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದಳು. ಅಂಬೂಬಾಯಿ ಅವಳ ಕೈಗೆ ಪುಸ್ತಕ ಕೊಟ್ಟು, "ಸುರುವಿನ ಹಾಳಿ ತೆಗಿ ತಾಯಿ," ಎಂದರು. ನಾವು ತೆರೆಯುವುದನ್ನು ನೋಡಿದ್ದವಳು ಪುಸ್ತಕದ ಬೆನ್ನು ಎಡಕ್ಕಿಟ್ಟು ತೆರೆದಳು. ಮೊದಲ ಪುಟ ಬಂತು.

"ಈಗ ಮಾಸ್ತರ, ನೀವು."

ಮಾಸ್ತರರು ಕೈಯ ರೂಢಿಯಂತೆ ಪುಸ್ತಕ ಮಗುಚಿ, ಅದರ ಬೆನ್ನು ಬಲಕ್ಕಿಟ್ಟುಕೊಂಡು ತೆರೆದರು. ಬಂದದ್ದು ಹಾಳೆ ಹೋದ ಹಿಂಭಾಗ.

"ಇಷ್ಟೇ ನೋಡ್ರಿ," ಎಂದರು ಅಂಬೂಬಾಯಿ. "ಪುಸ್ತಕ ಬೋರಲ ಸಿಕ್ತು ಅಂದಾಗಲೇ ಅನುಮಾನ ಬಂತು. ಬಲದಿಂದ ಎಡಕ್ಕ ಉರ್ದು ಓದಿದವರ ಕೈಗೆ ಅದು ಬೋರಲಲ್ಲ, ನೆಟ್ಟಗೇ. ಸಣ್ಣಕ್ಷರದ ಪೇಪರ ಓದೂ ಕಣ್ಣಿಗೆ ಮಂಜೆಲ್ಲೀದು? ಮಾಸ್ತರಿಗೆ ಓದಾಕ ಬರದಿದ್ದದ್ದು ಕನ್ನಡ. ಬಾಯಿಪಾಠ ಇದ್ದ ಪುಟ ಮುಂದಿಟ್ಟುಕೊಂಡು, ಅನ್ನೂ ಮಾತಿಗೆ ಅಕ್ಷರ ಹೊಂದಿಸಿ ಕಲೀಬೇಕಂತ ಮೊದಲಿನ ಹಾಳಿ ಒಯ್ದಾರ. ಕೈಗೆ ಬಂದಾವು ಕಡೀವು. ಕಡೀ ಹಾಳಿ ಹೋದ್ವು ಅಂತ ಗದ್ದಲ ಎದ್ರೂ ಅವು ತಮ್ಮ ಕಿಸೆದಾಗ ಅದಾವಂತ ಅವರಿಗೇ ಗೊತ್ತಿಲ್ಲ."

ಮಾಸ್ತರರು ಶೇರವಾನಿಯ ಕಿಸೆಯಿಂದ ನಾಲ್ಕು ಹಾಳೆ ತೆಗೆದರು. "ಇವು ಮೊದಲಿನವು ಅಲ್ಲೇನ್ರಿ? ಅಯ್ಯೋ, ಅದಕ್ಕ ಒಂದಕ್ಷರಾನೂ ಹೊಂದವಲ್ದಾಗಿತ್ತು! ಯುಗಾದಿಗೆ ಪರೀಕ್ಷಾ ಅದ, ಪಾಸಾಗದಿದ್ರ ನೌಕರಿ ಇಲ್ಲ. ಮಾಸ್ತರಿಗೇ ಅಕ್ಷರ ಬರೂದಿಲ್ಲಂತ ಯಾರ ಮುಂದ ಹೇಳ್ಲಿ? ಸಂಜೀಕ ತಿರುಗಿ ಇಡಾಂವಿದ್ದೆ. ನನ್ನ ನಾಚಿಕಿ ನಿನ್ನ ಮ್ಯಾಲ ಬಂತು ತಂಗಿ, ಮಾಫ್ ಮಾಡು."

ಯಾರೂ ನಗಲಿಲ್ಲ. ನಾನಂತೂ ಸೆರಗಿನಿಂದ ಕಣ್ಣೊರೆಸಿಕೊಂಡೆ, ಅದರಲ್ಲಿ ಮುಚ್ಚಿಡುವುದೇನಿದೆ? ರಾಯರು ಎದ್ದು ನಿಂತು ಕೈ ಮುಗಿದರು. "ತಪ್ಪಾತವ್ವ. ಗಂಟು ಒಳಗ ಇಡು."

"ಇಡ್ತೇನ್ರಿ," ಎಂದಳು ಮೀರಾಬಾಯಿ. "ಆದ್ರ ಕಡೀ ಹಾಳಿ ಇವತ್ತ ಓದಬ್ಯಾಡ್ರಿ. ಮಾಸ್ತರಿಗೆ ಅಕ್ಷರ ಕಲಿಸ್ರಿ. ಅವರ ಬಾಯಿಂದಾನೇ ಕೇಳ್ತೇನಿ."

ಅಲ್ಲಿಂದ ನಾಲ್ಕು ತಿಂಗಳು ಭಾಲ್ಕಿಯ ವಾಡೆ ಕನ್ನಡ ಸಾಲೆಯಾಯಿತು. ವಕೀಲರೇ ತಿದ್ದಿಸಿದರು. ಪರೀಕ್ಷೆಗೆ ಎಂಟು ದಿನವಿರುವಾಗ ನಾವೆಲ್ಲ ಮತ್ತೆ ಸೇರಿದೆವು. ಮಾಸ್ತರರು ಆ ಕಡೆಯ ನಾಲ್ಕು ಹಾಳೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಇಡೀ ಮಧ್ಯಾಹ್ನ ಓದಿದರು. ಮೂರನೆಯ ಹಾಳೆಯಲ್ಲಿ ಒಂದು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಹಾಳೆಯನ್ನು ತೊಡೆಯ ಮೇಲಿಟ್ಟರು.

"ಅಂವಾ ಬರೂದಿಲ್ಲ, ಹೌದಲ್ರಿ ಮಾಸ್ತರ?" ಎಂದಳು ಮೀರಾಬಾಯಿ.

ಮಾಸ್ತರರು ಹೌದೆಂದು ತಲೆಯಾಡಿಸಿದರು.

ಮೀರಾಬಾಯಿ ಬಾಗಿಲ ಮರೆ ಬಿಟ್ಟು ಬಂದು, ನಮ್ಮೆಲ್ಲರ ನಡುವೆ ಜಮಖಾನೆಯ ಮೇಲೆ ಕೂತಳು. "ಓದ್ರಿ," ಎಂದಳು. "ಆಕಿ ಮುಂದ ಹ್ಯಾಂಗ ಬಾಳೇವು ಮಾಡಿದ್ಲು, ಅದನ್ನ ಕೇಳ್ತೇನಿ."